ಹನ್ನೊಂದನೇ ಕೋಣೆಯ ಚೀಟಿ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ದಿನ ಚರ್ಮದ ಚೀಲ, ಸಮವಸ್ತ್ರ, ಟಿಕೆಟ್ ಯಂತ್ರ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದರು. ಸೀಟಿಯನ್ನು ಮಾತ್ರ ಒಪ್ಪಿಸಲಿಲ್ಲ. "ಅದು ಕಳೆದುಹೋಯ್ತು" ಅಂದರಂತೆ. ಕಳೆದುಹೋದ ಸೀಟಿ ಮರುದಿನದಿಂದಲೇ ಅವರ ಕೊರಳಲ್ಲಿ ನೇತಾಡತೊಡಗಿತು. ಚರ್ಚಿನ ಮಕ್ಕಳಿಗೆಲ್ಲ ಅವರು ಸೀಟಿ ಅತ್ತೆ. ದೊಡ್ಡವರೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಮದುವೆಯ ವಿಷಯ ಯಾರಾದರೂ ಕೆದಕಿದರೆ "ಬಸ್ ತುಂಬಿತ್ತು, ಜಾಗ ಇರ್ಲಿಲ್ಲ" ಎಂದು ಮಾತು ಮುಗಿಸುತ್ತಿದ್ದರು.

ಎರಡು ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಚರ್ಚಿನ ಅಂಗಳದಲ್ಲಿ ಆ ಸೀಟಿ ಕೂಗುತ್ತಿತ್ತು. ಭಾನುವಾರದ ತರಗತಿಯ ಹದಿಮೂರು ಮಕ್ಕಳು ಸಾಲಾಗಿ ನಿಲ್ಲಬೇಕು. ಅತ್ತೆ ಒಂದೊಂದು ತಲೆಯನ್ನೂ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದರು. ಒಂದು ಸೀಟಿ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲೇ ನಿಂತ್ಕೊಂಡ್ರೆ ಹಿಂದಿನವರು ಎಲ್ಲಿಗೆ ಹೋಗ್ಬೇಕು?" ಎಂದು ಬಟ್ಟಬಯಲಲ್ಲಿ ನಿಂತಿರುವ ನಮ್ಮನ್ನು ಗದರುತ್ತಿದ್ದರು. ಹೀಗೆ ಎರಡು ರಸ್ತೆ ದಾಟಿ, ಟೈರ್ ಅಂಗಡಿಯ ಪಕ್ಕದ ಓಣಿ ಹಿಡಿದು, ಹಳದಿ ಗೋಡೆಯ ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆವು.

ಅಲ್ಲಿಗೆ ಬೇರೆಯವರೂ ಮಕ್ಕಳನ್ನು ಕರೆತರುತ್ತಿದ್ದರು. ಅವರೆಲ್ಲ ಹಜಾರದಲ್ಲಿ ಸಾಲಾಗಿ ನಿಂತು ಮೂರು ಹಾಡು ಹಾಡಿ, ಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಿದ್ದರು. ಅತ್ತೆಗೆ ಅದು ಸೇರುತ್ತಿರಲಿಲ್ಲ. "ಹಾಡಿ ಓಡೋದಕ್ಕೆ ನಾವ್ಯಾಕೆ, ರೇಡಿಯೋ ಸಾಲ್ದಾ?" ಅನ್ನುತ್ತಿದ್ದರು. ಅವರ ಪದ್ಧತಿಯೇ ಬೇರೆ. ಒಂದು ಮಗುವಿಗೆ ಒಂದು ಕೋಣೆ. ಆ ಕೋಣೆಯವರನ್ನು ಆ ಮಗು ಒಂದು ಪ್ರಶ್ನೆ ಕೇಳಬೇಕು.

"ಹೂಂ, ಉಹುಂ ಅಂತ ಉತ್ತರ ಬರೋ ಪ್ರಶ್ನೆ ಪ್ರಶ್ನೆನೇ ಅಲ್ಲ" ಎಂದು ಗೇಟಿನ ಹತ್ತಿರ ನಮಗೆ ಪಾಠವಾಗುತ್ತಿತ್ತು. "ಹುಷಾರಾಗಿದ್ದೀರಾ ಅಂತ ಕೇಳೋಕೆ ಡಾಕ್ಟರಿದ್ದಾರೆ. ನನ್ನ ಗುರುತು ಸಿಕ್ತಾ ಅಂತ ಪರೀಕ್ಷೆ ಮಾಡ್ಬಾರ್ದು. ಪಾಪ ಅಂತ ಯಾರಾದ್ರೂ ಅಂದ್ರೋ, ಅಲ್ಲಿಂದಲೇ ವಾಪಸ್ ಮನೆಗೆ."

ಹಾಗಾಗಿ ನಮ್ಮ ಪ್ರಶ್ನೆಗಳು ಚಿತ್ರವಿಚಿತ್ರವಾಗಿದ್ದವು. ಮೊದಲ ಸಲ ಹೇಳಿದ ಸುಳ್ಳು ಯಾವುದು? ಹಲ್ಲು ಕಟ್ಟಿಸಿಕೊಂಡ ಮೇಲೆ ಊಟದ ರುಚಿ ಹೇಗೆ ಬದಲಾಯಿತು? ಮನೆಯಲ್ಲಿ ಎಲ್ಲರಿಗಿಂತ ಕಂಜೂಸು ಯಾರು? ಆರನೇ ಕೋಣೆಯ ಅಜ್ಜಿಯಂತೂ ಒಂದು ಪ್ರಶ್ನೆಗೆ ಒಂದು ಗಂಟೆ ಉತ್ತರ ಕೊಟ್ಟು, ನಾವು ಹೊರಟರೆ ಲಂಗದ ತುದಿ ಹಿಡಿದು ನಿಲ್ಲಿಸುತ್ತಿದ್ದರು.

ವಾಪಸ್ ಬಂದ ಮೇಲೆ ಚರ್ಚಿನ ಹಿಂದಿನ ಬೆಂಚುಗಳಲ್ಲಿ ಕೂತು ಪ್ರತಿಯೊಬ್ಬರೂ ಒಂದು ಚೀಟಿ ಬರೆಯಬೇಕಾಗಿತ್ತು. ಯಾವ ಕೋಣೆ, ಏನೆಂದು ಪ್ರಾರ್ಥಿಸಬೇಕು, ಅಷ್ಟೇ. ಆ ಚೀಟಿಗಳನ್ನು ಅತ್ತೆ ಬಾಗಿಲ ಎಡಕ್ಕಿದ್ದ ಮರದ ಡಬ್ಬಿಗೆ ಹಾಕುತ್ತಿದ್ದರು. ಭಾನುವಾರದ ಪೂಜೆಯಲ್ಲಿ ಫಾದರ್ ಗಂಭೀರವಾಗಿ ಓದುತ್ತಿದ್ದರು: "ಆರನೇ ಕೋಣೆಯ ಅಜ್ಜಿಯ ಎಡ ಮೊಣಕಾಲಿಗಾಗಿ. ಬಲಗಾಲು ಚೆನ್ನಾಗಿದೆ." "ಎರಡನೇ ಕೋಣೆಯ ತಾತನ ಪಕ್ಕದ ಮಂಚದವರ ಗೊರಕೆಗಾಗಿ." ಜನ ನಗು ತಡೆದುಕೊಂಡು ಪ್ರಾರ್ಥಿಸುತ್ತಿದ್ದರು.

ನನಗೆ ಸಿಕ್ಕಿದ್ದು ಹನ್ನೊಂದನೇ ಕೋಣೆ. ಆಗ ನನಗೆ ಒಂಬತ್ತು ವರ್ಷ, ಮತ್ತು ಇದು ಅನ್ಯಾಯ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಉಳಿದವರಿಗೆಲ್ಲ ಮಾತಾಡುವ ಅಜ್ಜ ಅಜ್ಜಿಯರು. ನನ್ನ ಅಜ್ಜನೋ, ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಈ ಕಡೆ ತಿರುಗುತ್ತಲೇ ಇರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿನಿಂದ ಗೋಡೆಯ ಸುಣ್ಣವನ್ನು ನಿಧಾನವಾಗಿ ಗೀರುತ್ತಿರುತ್ತಿದ್ದರು. ಮೇಲಿಂದ ಕೆಳಗೆ ಒಂದು ಗೆರೆ, ಅಡ್ಡ ಒಂದು ಗೆರೆ. ಆ ಹೆಬ್ಬೆರಳು ಚಪ್ಪಟೆಯಾಗಿತ್ತು, ಅದರ ಬೆನ್ನ ತುಂಬ ಬಿಳಿ ಗಾಯದ ಗುರುತುಗಳಿದ್ದವು. ಮಂಚದ ಕಂಬಿಗೆ ಕರೆಗಂಟೆಯ ದಾರ ಕಟ್ಟಿತ್ತು, ಕಿಟಕಿಯಲ್ಲಿ ಅಡುಗೆಮನೆಯ ಹೊಗೆಕೊಳವೆ ಕಾಣುತ್ತಿತ್ತು. ಸ್ಟೂಲಿನ ಮೇಲೆ ಕೂತು ನಾನು ಆ ಬೆರಳನ್ನೇ ನೋಡುತ್ತಿದ್ದೆ. ಏನು ಮಾಡಿಕೊಂಡಿರಬಹುದು? ಯಂತ್ರಕ್ಕೆ ಸಿಕ್ಕಿತಾ? ಯಾರಾದರೂ ಕಚ್ಚಿದರಾ? ನಾಲ್ಕು ಶನಿವಾರ ಅದನ್ನೇ ಕೇಳಿದೆ. "ನಿಮ್ಮ ಬೆರಳಿಗೆ ಏನಾಯ್ತು ಅಜ್ಜ?" ಅಜ್ಜ ಗೋಡೆಯನ್ನು ಗೀರುತ್ತಿದ್ದರು, ನಾನು ಗೋಡೆಗೇ ಮಾತಾಡಿ ಎದ್ದು ಬರುತ್ತಿದ್ದೆ.

ನಾಲ್ಕನೆಯ ಶನಿವಾರ ಚೀಟಿ ಬರೆಯಲು ಕೂತಾಗ ನನ್ನ ಹತ್ತಿರ ಬರೆಯಲು ಏನೂ ಇರಲಿಲ್ಲ. ಮೊದಲ ಮೂರು ಸಲ ಏನೋ ಒಂದು ಸುಳ್ಳು ಬರೆದಿದ್ದೆ: ತಲೆನೋವು, ಕೆಮ್ಮು, ಸೊಂಟ. ಈ ಸಲ ರೋಸಿಹೋಗಿ ಬರೀ "ಹನ್ನೊಂದನೇ ಕೋಣೆಯ ಅಜ್ಜ" ಎಂದು ಬರೆದು ಮಡಿಸಿದೆ. ಅಷ್ಟರಲ್ಲಿ ಚಿಕ್ಕವಳೊಬ್ಬಳು ಚಪ್ಪಲಿ ಬಿಟ್ಟು ಬಂದಿದ್ದಾಳೆಂದು ಅತ್ತೆ ಆಶ್ರಮಕ್ಕೆ ವಾಪಸ್ ಓಡಿದ್ದರು. ಚೀಟಿಯನ್ನು ನಾನೇ ಹಾಕಲು ಹೋದೆ.

ಬಾಗಿಲ ಬಲಕ್ಕೆ ಇನ್ನೊಂದು ಡಬ್ಬಿ ಇತ್ತು. ಎರಡರ ಮೇಲೂ ಏನೂ ಬರೆದಿರಲಿಲ್ಲ, ಊರಿಗೆಲ್ಲ ಗೊತ್ತಿರುವುದನ್ನು ಬರೆಯುವುದೇಕೆ? ಫಾದರ್ ಎಡಗಡೆಯ ಚೀಟಿಗಳನ್ನು ಓದುವಾಗ ಹೆಸರಿನ ಜೊತೆ ಏನಾದರೊಂದು ಬೇಡಿಕೆ ಇರುತ್ತಿತ್ತು. ಬಲಗಡೆಯ ಚೀಟಿಗಳಲ್ಲಿ ಬರೀ ಯಾರು ಎಂಬುದಿರುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ನನ್ನ ಚೀಟಿಯಲ್ಲೂ ಏನೂ ಕೇಳಿರಲಿಲ್ಲ. ಹಾಗಾದರೆ ಬಲಗಡೆಯದೇ ಸರಿ. ಇಷ್ಟು ಬುದ್ಧಿವಂತಿಕೆಯಿಂದ ಯೋಚಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ.

ಮರುದಿನ ಪೂಜೆಯಲ್ಲಿ ಫಾದರ್ ತೀರಿಹೋದವರ ಪಟ್ಟಿಗೆ ಬಂದರು. ಯಾರದೋ ತಾಯಿ, ಯಾರದೋ ಚಿಕ್ಕಪ್ಪ, ಆಮೇಲೆ, "ನಮ್ಮ ವೃದ್ಧಾಶ್ರಮದ ಹನ್ನೊಂದನೇ ಕೋಣೆಯ ಅಜ್ಜ. ಅವರ ಆತ್ಮಕ್ಕೆ ಶಾಂತಿ ದೊರಕಲಿ."

ಮೂರನೇ ಬೆಂಚಿನಿಂದ ಆಶ್ರಮದ ಆಯಾ ಎದ್ದು ನಿಂತರು. ದಪ್ಪ ಹೆಂಗಸು, ನಡೆದರೆ ಏದುಸಿರು ಬರುತ್ತಿತ್ತು.

"ಫಾದರ್, ಅವರಿಗೆ ನಾನು ಈಗಷ್ಟೇ ಸ್ನಾನ ಮಾಡಿಸಿ ಬಂದೆ" ಅಂದರು. "ನೀರು ಬಿಸಿ ಸಾಲ್ದು ಅಂತ ಬೈದ್ರು ಕೂಡ."

ಫಾದರ್ ಚೀಟಿಯನ್ನು ತಿರುವಿ ನೋಡಿದರು. ಅದು ಗಣಿತದ ಪುಸ್ತಕದಿಂದ ಹರಿದ ಚೌಕುಳಿ ಹಾಳೆಯ ತುಂಡು. ಅತ್ತೆ ನನ್ನ ಕಡೆ ತಿರುಗಿದರು.

ಸೋಮವಾರ ಆಶ್ರಮ ನೋಡಿಕೊಳ್ಳುತ್ತಿದ್ದ ಮೇಟ್ರನ್ ಅತ್ತೆಯನ್ನು ಕರೆಸಿದರು. ಸಾಕ್ಷಿಯಂತೆ ನಾನೂ ಜೊತೆಗಿದ್ದೆ. ಮೇಟ್ರನ್ ಕೆಟ್ಟವರಲ್ಲ, ಆದರೆ ಅಲ್ಲಿ ಒಂದು ನಿಯಮವಿತ್ತು: ಸಾವಿನ ಮಾತು ಎತ್ತಬಾರದು. ಯಾರಾದರೂ ತೀರಿಕೊಂಡರೆ ಉಳಿದವರಿಗೆ "ಊರಿಗೆ ಹೋದರು" ಎಂದು ಹೇಳಲಾಗುತ್ತಿತ್ತು.

"ಇಡೀ ಚರ್ಚಿಗೆ ಕೇಳಿದೆ. ನಾಳೆ ಅವರ ಕಿವಿಗೂ ಬೀಳುತ್ತೆ" ಅಂದರು ಮೇಟ್ರನ್. "ಮೊದಲೇ ಗೋಡೆ ನೋಡ್ಕೊಂಡು ಮಲಗಿರೋ ಮನುಷ್ಯ. ಬೇರೆಯವರಿಂದ ಕೇಳೋ ಮುಂಚೆ ನೀವೇ ಹೋಗಿ ಹೇಳಿ, ಕ್ಷಮೆ ಕೇಳಿ. ಅವರು ನೊಂದ್ಕೊಂಡ್ರೆ ಇನ್ಮುಂದೆ ಮಕ್ಕಳು ಇಲ್ಲಿಗೆ ಬರೋದು ಬೇಡ."

ಅತ್ತೆ ಮನೆಗೆ ಬಂದವರೇ ಕೊರಳಿನ ಸೀಟಿ ತೆಗೆದು ಸೂಜಿ ದಾರದ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಅವರು ಬೈದಿದ್ದರೆ, ಕಿವಿ ಹಿಂಡಿದ್ದರೆ ಸಹಿಸಬಹುದಿತ್ತು. ಆ ಮುಚ್ಚಳದ ಸದ್ದು ಸಹಿಸಲಾಗಲಿಲ್ಲ. ನಾನು ಗಳಗಳನೆ ಅತ್ತುಬಿಟ್ಟೆ. ಈ ಶನಿವಾರಗಳೇ ಅವರ ಜೀವ ಎಂಬುದು ನನ್ನಂಥ ಬೆಪ್ಪಿಗೂ ಆವತ್ತು ಅರ್ಥವಾಯಿತು.

"ನಾಳೆ ಹೋಗೋಣ. ನೀನೇ ಹೇಳ್ಬೇಕು" ಅಂದರು. "ನಾನು ಬಾಗಿಲಲ್ಲಿ ನಿಂತಿರ್ತೀನಿ."

ಮಂಗಳವಾರ ಶಾಲೆ ಬಿಟ್ಟ ಮೇಲೆ ಹೋದೆವು. ಅಜ್ಜ ಗೋಡೆಯ ಕಡೆಗೇ ಇದ್ದರು. ಮೇಲಿಂದ ಕೆಳಗೆ ಒಂದು ಗೆರೆ, ಅಡ್ಡ ಒಂದು ಗೆರೆ. ಬಾಗಿಲಲ್ಲಿ ಅತ್ತೆ, ಅತ್ತೆಯ ಹಿಂದೆ ಮೇಟ್ರನ್. ನಾನು ಸ್ಟೂಲಿನ ಮೇಲೆ ಕೂರಲೂ ಇಲ್ಲ.

"ಅಜ್ಜ, ನಾನು ನಿಮ್ಮ ಚೀಟಿನ ತಪ್ಪು ಡಬ್ಬಿಗೆ ಹಾಕ್ಬಿಟ್ಟೆ. ಅದು ಸತ್ತವರ ಡಬ್ಬಿಯಂತೆ. ಫಾದರ್ ನೀವು ತೀರ್ಕೊಂಡ್ರಿ ಅಂತ ಓದ್ಬಿಟ್ರು. ಎಲ್ಲರೂ ಪ್ರಾರ್ಥನೆ ಮಾಡಿದ್ರು. ತಪ್ಪಾಯ್ತು."

ಹೆಬ್ಬೆರಳು ನಿಂತಿತು. ಮೇಟ್ರನ್ ಒಂದು ಹೆಜ್ಜೆ ಮುಂದೆ ಬಂದರು. ಗೋಡೆಯ ಕಡೆಯಿಂದ ಒಡಕು ದನಿ ಕೇಳಿಸಿತು.

"ಏನಂತ ಓದಿದ್ರು?"

ನಾಲ್ಕು ಶನಿವಾರ ಕಳೆದ ಮೇಲೆ ಅವರ ಬಾಯಿಂದ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು, ಅದೂ ಪ್ರಶ್ನೆ.

"ಹನ್ನೊಂದನೇ ಕೋಣೆಯ ಅಜ್ಜ ಅಂತ."

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ."

ಅಜ್ಜ ಮಂಚದ ಕಂಬಿ ಹಿಡಿದು, ಒಂದು ಮೊಣಕೈ ಊರಿ, ನಿಧಾನವಾಗಿ ಈ ಕಡೆ ತಿರುಗಿದರು. ಅವರ ಮುಖವನ್ನು ನಾನು ನೋಡಿದ್ದು ಅವತ್ತೇ. ಹುಬ್ಬುಗಳು ಕಪ್ಪಗೇ ಇದ್ದವು, ತಲೆ ಮಾತ್ರ ಬೆಳ್ಳಗಾಗಿತ್ತು.

"ಅಷ್ಟೇನಾ?" ಅಂದರು. ಆಮೇಲೆ ಬೆರಳು ಮಡಿಸುತ್ತ ಎಣಿಸಿದರು. "ಒಂಬತ್ತು ಅಕ್ಷರ. ಲೇ ಹುಡುಗಿ, ಮೂರು ದಿನ ಬದುಕಿದ ಕೂಸಿನ ಕಲ್ಲಿಗೂ ನಾನು ಇದಕ್ಕಿಂತ ಹೆಚ್ಚು ಕೆತ್ತಿದ್ದೀನಿ."

ಆಗ ತಿಳಿಯಿತು, ಅಜ್ಜ ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದವರು. ಆ ಚಪ್ಪಟೆ ಹೆಬ್ಬೆರಳು ಐವತ್ತು ವರ್ಷ ಉಳಿ ಹಿಡಿದದ್ದು, ಗುರಿ ತಪ್ಪಿದ ಸುತ್ತಿಗೆಯ ಏಟುಗಳನ್ನೆಲ್ಲ ತಿಂದದ್ದು. ಗೋಡೆಯ ಮೇಲೆ ಅವರು ದಿನವಿಡೀ ಶಿಲುಬೆ, ಅಕ್ಷರ ಗೀರುತ್ತಿದ್ದರು, ನಾನು ಅದನ್ನು ನೋಡಿಯೂ ಓದಿರಲಿಲ್ಲ.

ನನಗೆ ಮತ್ತೆ ಅಳು ಬಂತು. ಅಜ್ಜನಿಗೆ ರೇಗಿತು.

"ಕಾಗದದ ಮೇಲಿನ ತಪ್ಪಿಗೆ ಇಷ್ಟು ಅಳ್ತೀಯಾ? ನಾನು ಕಲ್ಲಿನ ಮೇಲೆ ಮಾಡಿದ್ದೀನಿ. ಅಣ್ಣ ಸತ್ತ ಅಂತ ತಮ್ಮ ಬಂದು ಕಲ್ಲು ಬರೆಸಿದ. ಒಂದೇ ಕಾಗದದಲ್ಲಿ ಇಬ್ಬರ ಹೆಸರೂ ಇತ್ತು. ನಾನು ತಮ್ಮನದ್ದೇ ಕೆತ್ತಿಬಿಟ್ಟೆ, ಹೂಬಳ್ಳಿ ಸಮೇತ. ಅವನು ಬಂದು ತನ್ನ ಹೆಸರು ತಾನೇ ಓದಿದ. ಹೊಡೀತಾನೆ ಅಂದ್ಕೊಂಡೆ. 'ಬಳ್ಳಿ ಚೆನ್ನಾಗಿ ಬಂದಿದೆ' ಅಂದ."

"ಆಮೇಲೆ ಆ ಕಲ್ಲು ಏನಾಯ್ತು?" ಎಂದು ಬಾಗಿಲಿನಿಂದ ಅತ್ತೆ ಕೇಳಿದರು. ತಡೆದುಕೊಳ್ಳುವುದು ಅವರಿಂದಾಗಲಿಲ್ಲ.

"ಮನೆಗೆ ಒಯ್ದು ಹಿಂಬಾಗಿಲಿಗೆ ಮೆಟ್ಟಿಲು ಮಾಡ್ಕೊಂಡ, ಅಕ್ಷರ ಕೆಳಗೆ ಮಾಡಿ. ದಿನಾ ತನ್ನ ಮೇಲೆ ತಾನೇ ಹತ್ತಿ ಇಳೀತಿದ್ದ. ಆಮೇಲೂ ಇಪ್ಪತ್ತು ವರ್ಷ ಬದುಕಿದ್ದ."

ಮೇಟ್ರನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾವಿನ ಮಾತು ಎತ್ತಬಾರದೆಂಬ ಕಟ್ಟಡದಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಜ್ಜ ಮಾತ್ರ ನಗಲಿಲ್ಲ, ಮೇಟ್ರನ್ ಕಡೆ ಬೆರಳು ತೋರಿಸಿದರು.

"ಈ ಹುಡುಗಿನ ಮುಂದಿನ ಸಲ ಕಳಿಸಿ. ಕೆಲಸ ಅರ್ಧಕ್ಕೆ ಬಿಟ್ಟಿದ್ದಾಳೆ. ಒಂಬತ್ತು ಅಕ್ಷರದಲ್ಲಿ ನಾನು ಹೋಗಲ್ಲ."

ಮನೆಗೆ ಬಂದ ಮೇಲೆ ಸೂಜಿ ದಾರದ ಡಬ್ಬಿ ತೆರೆದುಕೊಂಡಿತು.

ಅಲ್ಲಿಂದ ಶುರುವಾಯಿತು ನಮ್ಮ ಕೆಲಸ. ಪ್ರತಿ ಸಲ ನಾನು ಒಂದು ಪ್ರಶ್ನೆ ಕೇಳುವುದು, ಅಜ್ಜ ಹೇಳಿದ್ದನ್ನು ಬರೆದುಕೊಳ್ಳುವುದು, ಮುಂದಿನ ಸಲ ಓದಿ ತೋರಿಸುವುದು. ಅಜ್ಜ ಕಣ್ಣು ಮುಚ್ಚಿ ಕೇಳಿ, "ಅದು ಬೇಡ, ತೆಗಿ" ಅನ್ನುತ್ತಿದ್ದರು. ಕೆಲಸ ಕಲಿಸಿದ ಗುರುವಿನ ಕಲ್ಲನ್ನೇ ಮೊದಲು ಕೆತ್ತಿದ್ದು ಬರೆದೆ, ತೆಗೆಸಿದರು. ಹೆಂಡತಿ ಅಕ್ಷರ ಬಾರದಿದ್ದರೂ ವಾರೆಯಾದ ಗೆರೆಯನ್ನು ದೂರದಿಂದಲೇ ಗುರುತಿಸುತ್ತಿದ್ದಳು ಎಂದು ಬರೆದೆ. ಅದನ್ನು ಎರಡು ಸಲ ಓದಿಸಿಕೊಂಡು, "ಇದು ನಿನ್ನ ಹತ್ರ ಇರ್ಲಿ, ಚೀಟಿಗೆ ಬೇಡ" ಅಂದರು. "ಕಲ್ಲಿನಲ್ಲಿ ಹೊಗಳಿಕೆ ನಿಲ್ಲಲ್ಲ. ಮಳೆ ಬಿದ್ರೆ ಮೊದಲು ಅಳಿಸೋದೇ ಅದು" ಎಂಬುದು ಅವರ ವಾದ. ಹಾಳೆಗಟ್ಟಲೆ ಬರೆದದ್ದು ಒಂದು ಪುಟವಾಯಿತು, ಪುಟ ಅರ್ಧವಾಯಿತು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಸುದ್ದಿ ಉಳಿದ ಕೋಣೆಗಳಿಗೂ ಹಬ್ಬಿತು. ಆರನೇ ಕೋಣೆಯ ಅಜ್ಜಿ "ಅವರಿಗೊಬ್ಬರಿಗೇನಾ? ನಂದೂ ಬರೀರಿ" ಎಂದು ಮುಖ ಊದಿಸಿಕೊಂಡರು. ಮೇಟ್ರನ್ ಕಂಡೂ ಕಾಣದಂತೆ ಓಡಾಡತೊಡಗಿದರು.

ಒಂದು ಶನಿವಾರ ಅಜ್ಜ ನನ್ನನ್ನು ಬಿಟ್ಟು ಅತ್ತೆಯ ಕಡೆ ನೋಡಿದರು.

"ಕಂಡಕ್ಟರಮ್ಮ, ನಿಮ್ಮ ಚೀಟಿಲಿ ಏನಿರುತ್ತೆ?"

ಎಲ್ಲರ ಬಾಯಿಗೂ ಪ್ರಶ್ನೆ ಹಾಕಿಕೊಟ್ಟವರು ಅತ್ತೆ. ಅವರನ್ನು ಯಾರೂ ಏನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಕೊರಳಿನ ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು.

"ಮೂವತ್ತು ವರ್ಷ ಬಸ್ ಹತ್ತಿದವರನ್ನೆಲ್ಲ 'ಎಲ್ಲಿಗೆ' ಅಂತ ಕೇಳಿದೆ" ಅಂದರು. "ಎಲ್ಲಿಂದ ಬಂದ್ರಿ, ಯಾಕೆ ಅಳ್ತಿದ್ದೀರಿ, ಮಡಿಲಲ್ಲಿ ಏನಿಟ್ಕೊಂಡಿದ್ದೀರಿ, ಒಂದೂ ಕೇಳೋಕೆ ಪುರುಸೊತ್ತಿರ್ಲಿಲ್ಲ. ಮುಂದಿನ ಸ್ಟಾಪ್ ಬರ್ತಿತ್ತು, ಅವರು ಇಳಿದು ಹೋಗ್ತಿದ್ರು. ಈಗ ಕೇಳ್ತಿದ್ದೀನಿ, ಅಷ್ಟೇ."

"ಅದನ್ನೇ ಬರೆಸಿ. ಒಂದಕ್ಷರ ತೆಗೆಯೋ ಹಾಗಿಲ್ಲ" ಅಂದರು ಅಜ್ಜ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಶಾಲೆಯ ರಜೆ ಮುಗಿಯುವ ಹೊತ್ತಿಗೆ ಚೀಟಿ ಆ ಒಂಬತ್ತು ಅಕ್ಷರ ಮತ್ತು ಮೂರು ವಾಕ್ಯಕ್ಕೆ ಬಂದು ನಿಂತಿತ್ತು. ಅಜ್ಜ ಅದನ್ನು ಕೈಯಲ್ಲಿ ಹಿಡಿದು ದೂರದಿಂದ, ಹತ್ತಿರದಿಂದ ನೋಡಿ, "ಕೆಳಗೆ ಸ್ವಲ್ಪ ಜಾಗ ಬಿಡು. ಕಲ್ಲಲ್ಲಿ ಯಾವಾಗ್ಲೂ ಬಿಡ್ಬೇಕು" ಎಂದು ಮಡಿಸಿ ನನಗೇ ಕೊಟ್ಟರು. "ಜೋಪಾನ. ಈ ಸಲ ಅವಸರ ಮಾಡ್ಬೇಡ."

ಅದಾಗಿ ಆರು ವಾರಕ್ಕೆ ನಾವು ಹೋದಾಗ ಮೇಟ್ರನ್ ಓಣಿಯ ತುದಿಗೇ ಬಂದು ನಿಂತಿದ್ದರು. ನನ್ನನ್ನು ನೋಡಿ, "ಅಜ್ಜ ಊರಿಗೆ..." ಎಂದು ಶುರು ಮಾಡಿದವರು ಅಲ್ಲೇ ನಿಲ್ಲಿಸಿದರು. ಬಗ್ಗಿ ನನ್ನ ಭುಜ ಹಿಡಿದುಕೊಂಡರು.

"ಬೆಳಿಗ್ಗೆ ತೀರ್ಕೊಂಡ್ರು ಪುಟ್ಟಿ."

ಅವತ್ತು ಅತ್ತೆ ವಾಪಸಾಗಲು ಸೀಟಿ ಹೊಡೆಯಲಿಲ್ಲ. ಚರ್ಚಿನ ಬಾಗಿಲಲ್ಲಿ ಈಗ ಎರಡು ಡಬ್ಬಿಗಳ ಮೇಲೂ ಯಾವುದು ಯಾವುದಕ್ಕೆ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು, ಅದೂ ನನ್ನ ಕೃಪೆಯಿಂದ. ಬಲಗಡೆಯ ಡಬ್ಬಿಯ ಬಾಯಿಗೆ ಚೀಟಿ ಹಿಡಿದು ನಿಂತೆ. ಬೆರಳು ಬಿಡಲಿಲ್ಲ. ಈ ಡಬ್ಬಿಗೆ ಹಾಕಿದ ಚೀಟಿ ಒಮ್ಮೆ ಸುಳ್ಳಾಗಿತ್ತು, ಇನ್ನೊಮ್ಮೆಯೂ ಆಗಬಾರದೇಕೆ? ಅತ್ತೆ ಅವಸರ ಮಾಡಲಿಲ್ಲ. ಅವರು ಪಕ್ಕದಲ್ಲಿ ನಿಂತೇ ಇದ್ದರು, ನಾನು ಹಾಕಿದೆ.

ಭಾನುವಾರ ಫಾದರ್ ಅದನ್ನು ಬಿಡಿಸಿ ಓದಿದರು.

"ಹನ್ನೊಂದನೇ ಕೋಣೆಯ ಅಜ್ಜ. ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದರು. ಬದುಕಿದ್ದ ಒಬ್ಬನನ್ನು ತಪ್ಪಾಗಿ ಸಾಯಿಸಿದರು, ಅವನು ಕ್ಷಮಿಸಿದ. ಇವರನ್ನೂ ಒಬ್ಬಳು ತಪ್ಪಾಗಿ ಸಾಯಿಸಿದಳು, ಇವರು ಕ್ಷಮಿಸಿದರು."

ಯಾರೋ ಮೆಲ್ಲಗೆ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ನಾನು ಫಾದರ್ ಕಡೆ ನೋಡುತ್ತಿರಲಿಲ್ಲ. ಮೂರನೇ ಬೆಂಚಿನಲ್ಲಿ ಆಯಾ ಕೂತಿದ್ದರು. ಎದ್ದು ನಿಲ್ಲಲಿ, ಈಗಷ್ಟೇ ಸ್ನಾನ ಮಾಡಿಸಿ ಬಂದೆ ಅನ್ನಲಿ, ನೀರು ಬಿಸಿ ಸಾಲದೆಂದು ಬೈದರು ಅನ್ನಲಿ ಎಂದು ಅವರ ಬೆನ್ನನ್ನೇ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಅತ್ತೆಯೂ ಅಲ್ಲಿಗೇ ನೋಡುತ್ತಿದ್ದರು.

ಆಯಾ ತಲೆ ತಗ್ಗಿಸಿಕೊಂಡು ಕೂತೇ ಇದ್ದರು.